ಗಡಿಯಾರದ ಎದುರು ಒಬ್ಬಂಟಿ ಸವಾರ

ಸುಗ್ಗಿ ಮುಗಿದು ಹೊಲಗಳು ಬಿಡುವಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗಳ ಸಾಲು ಸುರುವಾಗುತ್ತದೆ. ಜಾತ್ರೆ ಎಂದರೆ ತೇರು, ಬೆಂಡು ಬತ್ತಾಸು, ರಾತ್ರಿ ನಾಟಕ. ಹಗಲು ಹೊತ್ತಿನಲ್ಲಿ ಕುಸ್ತಿ, ಜೊತೆಗೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ. ದೊಡವಾಡದ ಕಡೆಯ ಎರೆಹೊಲದ ರೈತನಿಗೆ ಈ ಸ್ಪರ್ಧೆಯ ನಿಯಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಜೋಡಿಗಳೂ ಒಮ್ಮೆಲೇ ಓಡುವುದಿಲ್ಲ. ಒಂದೊಂದೇ ಜೋಡಿ ಕಣಕ್ಕೆ ಬರುತ್ತದೆ. ಗೊತ್ತು ಮಾಡಿದ ಒಂದು ನಿಮಿಷದಲ್ಲಿ ಆ ಜೋಡಿ ಎಷ್ಟು ದೂರ ಓಡಿತು ಎಂದು ಅಡಿಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಪಕ್ಕದಲ್ಲಿ ಹುರಿದುಂಬಿಸಲು ಇನ್ನೊಂದು ಜೋಡಿ ಇಲ್ಲ. ಎದುರಾಳಿ ಎಂದರೆ ಗಡಿಯಾರ ಒಂದೇ.

ಓಟಕ್ಕಿಂತ ಸ್ವಾರಸ್ಯವಾದದ್ದು ಓಟಕ್ಕೆ ಮುಂಚಿನ ವಾದ. ಇಂಥ ಕಣದ ಬದಿಗೆ ನಿಂತವರ ಬಾಯಲ್ಲಿ ಕೇಳಿಬರುವ ಮಾತು ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ.

“ಹೋದ ಜಾತ್ರ್ಯಾಗ ಈ ಜೋಡಿನ ಮೊದಲ ಬಂದಿತ್ತಲ್ಲ ಕಾಕಾ, ಈ ಸಲಾನೂ ಅದರದ್ದ” ಎಂದು ಹುಡುಗ ಹೇಳುತ್ತಾನೆ.

“ಹೋದ ಜಾತ್ರಿ ಮಾತ ಬಿಡೋ ತಮ್ಮಾ. ಎಡಗಡೆ ಎತ್ತಿನ ಮೈ ನೋಡು, ಇಳದೈತಿ. ಮುಂಜಾನೆ ಮೇವಿಗೆ ಬಾಯಿ ಹಾಕಿಲ್ಲಂತ” ಎಂದು ಹಿರಿಯ ತಲೆಯಾಡಿಸುತ್ತಾನೆ.

ಹುಡುಗ ನೋಡುವುದು ಹಳೆಯ ಫಲಿತಾಂಶವನ್ನು. ಹಿರಿಯ ನೋಡುವುದು ಇವತ್ತಿನ ಹದವನ್ನು. ಇದೇ ವಾದವನ್ನು ಪ್ರತಿ ವರ್ಷ ಬೇಸಿಗೆಯಲ್ಲಿ ಯುರೋಪಿನ ಲಕ್ಷಾಂತರ ಜನ ಸೈಕಲ್ ಸವಾರರ ಬಗ್ಗೆ ನಡೆಸುತ್ತಾರೆ. ಯಾವ ಸವಾರ ಫಾರ್ಮಿನಲ್ಲಿದ್ದಾನೆ, ಯಾರು ಸುಸ್ತಾಗಿದ್ದಾನೆ, ಒಬ್ಬನೇ ಓಡುವ ದಿನ ಯಾರು ಎಷ್ಟು ಸೆಕೆಂಡು ಗಳಿಸುತ್ತಾನೆ ಎಂಬುದೇ ಅವರ ಚರ್ಚೆ. ಆ ಚರ್ಚೆಯಲ್ಲಿ ಮಕ್ಕಳಿಗೂ ಅವರನ್ನು ಓದಿಸುತ್ತಿರುವ ತಂದೆ ತಾಯಂದಿರಿಗೂ ಕಲಿಯಲು ಸಾಕಷ್ಟಿದೆ.

ಹಂತಗಳ ರೇಸು, ಗಡಿಯಾರದ ರೇಸು

ಫ್ರಾನ್ಸ್ ದೇಶದ ‘ಟೂರ್ ಡಿ ಫ್ರಾನ್ಸ್’ ಸೈಕಲ್ ರೇಸುಗಳಲ್ಲೆಲ್ಲ ದೊಡ್ಡದು. 1903ರಲ್ಲಿ ಸುರುವಾದಾಗ ಅದಕ್ಕೆ ಆರೇ ಹಂತಗಳಿದ್ದವು. ಈಗ ಇಪ್ಪತ್ತೊಂದು ಹಂತ, ಮೂರು ವಾರ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಇಟಲಿಯ ‘ಜೀರೊ’ ಮತ್ತು ಸ್ಪೇನಿನ ‘ವುವೆಲ್ಟಾ’ ಕೂಡ ಇದೇ ಬಗೆಯವು. ದಿನಕ್ಕೊಂದು ಹಂತ ಮುಗಿಯುತ್ತದೆ. ಪ್ರತಿ ಹಂತಕ್ಕೆ ಸವಾರ ತೆಗೆದುಕೊಂಡ ಸಮಯವನ್ನು ಕೂಡಿಸುತ್ತ ಹೋಗುತ್ತಾರೆ. ಕೊನೆಯಲ್ಲಿ ಯಾರ ಒಟ್ಟು ಸಮಯ ಎಲ್ಲರಿಗಿಂತ ಕಡಿಮೆಯೋ ಅವರೇ ವಿಜೇತರು. ಒಂದು ಹಂತವನ್ನೂ ಗೆಲ್ಲದೆ ಇಡೀ ರೇಸು ಗೆಲ್ಲಬಹುದು, ಹಲವು ಹಂತ ಗೆದ್ದೂ ರೇಸು ಸೋಲಬಹುದು. ವರ್ಷವಿಡೀ ನಡೆಯುವ ಕಿರುಪರೀಕ್ಷೆಗಳ ಅಂಕಗಳನ್ನೆಲ್ಲ ಕೂಡಿಸಿ ಫಲಿತಾಂಶ ಕೊಟ್ಟಂತೆ ಇದು.

ಸಾಮಾನ್ಯ ಹಂತಗಳಲ್ಲಿ ಸವಾರರೆಲ್ಲ ಒಟ್ಟಿಗೆ ಹೊರಡುತ್ತಾರೆ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಎದುರುಗಾಳಿಯ ಹೊಡೆತ ತಪ್ಪುತ್ತದೆ, ಶಕ್ತಿ ಉಳಿಯುತ್ತದೆ. ತಂಡದ ನಾಯಕನನ್ನು ಜೊತೆಗಾರರು ಹೀಗೆ ತಾಸುಗಟ್ಟಲೆ ಮರೆಮಾಡಿ ಕರೆದೊಯ್ಯುತ್ತಾರೆ. ಆದರೆ ಒಂದೆರಡು ಹಂತಗಳು ಬೇರೆ ಥರ. ಅವೇ ಟೈಮ್ ಟ್ರಯಲ್. ಅಂದು ಸವಾರರು ಒಂದೋ ಎರಡೋ ನಿಮಿಷಕ್ಕೆ ಒಬ್ಬೊಬ್ಬರಂತೆ ಹೊರಡುತ್ತಾರೆ. ಒಟ್ಟು ಲೆಕ್ಕದಲ್ಲಿ ಎಲ್ಲರಿಗಿಂತ ಹಿಂದಿರುವವರು ಮೊದಲು, ಹಳದಿ ಅಂಗಿ ತೊಟ್ಟ ಮುಂದಾಳು ಕೊನೆಗೆ. ಮುಂದೆ ಹೋದವರನ್ನು ಹಿಂದಿಕ್ಕಿದರೂ ಅವರ ಬೆನ್ನಿನ ಮರೆ ಪಡೆಯುವಂತಿಲ್ಲ. ಜೊತೆಗಾರರ ನೆರವಿಲ್ಲ, ಎದುರಾಳಿಯ ತಂತ್ರವಿಲ್ಲ. ಎರಡು ಕಾಲು, ಒಂದು ಎದೆ, ಒಂದು ಗಡಿಯಾರ, ಅಷ್ಟೇ.

ಈ ಪದ್ಧತಿ ಬೆಳೆದ ಕಥೆಯೂ ಮೋಜಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಗುಂಪು ಸೈಕಲ್ ರೇಸುಗಳಿಂದ ಕುದುರೆಗಾಡಿಯವರಿಗೆ ತೊಂದರೆಯಾಗಿ ಪೊಲೀಸರು ಬೆನ್ನು ಹತ್ತಿದರು. ಆಗ ಬಿಡ್‌ಲೇಕ್ ಎಂಬವರು 1895ರಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆ ಹೊತ್ತಿಗೆ ಬಿಟ್ಟು ಸಮಯ ಅಳೆಯುವ ಉಪಾಯ ಮಾಡಿದರು. ರೇಸು ಎಂದು ಯಾರಿಗೂ ಗೊತ್ತಾಗದಿರಲೆಂದು ಸವಾರರು ನಸುಕಿನಲ್ಲಿಯೇ, ಕಪ್ಪು ಬಟ್ಟೆ ತೊಟ್ಟು ಓಡುತ್ತಿದ್ದರಂತೆ. ಕದ್ದು ನಡೆಸಿದ ಈ ಆಟವೇ 1934ರಲ್ಲಿ ಟೂರ್ ಡಿ ಫ್ರಾನ್ಸಿಗೂ, 1996ರ ಅಟ್ಲಾಂಟಾ ಕೂಟದಿಂದ ರಸ್ತೆ ರೇಸಿನ ಜೊತೆಗೆ ಪ್ರತ್ಯೇಕ ಸ್ಪರ್ಧೆಯಾಗಿ ಒಲಿಂಪಿಕ್ಸಿಗೂ ಬಂತು. ಅಟ್ಲಾಂಟಾದಲ್ಲಿ ಪುರುಷರ ಚಿನ್ನ ಗೆದ್ದವರು ಸ್ಪೇನಿನ ಮಿಗೆಲ್ ಇಂಡುರೈನ್. 1991ರಿಂದ 1995ರವರೆಗೆ ಸತತ ಐದು ಬಾರಿ ಟೂರ್ ಗೆದ್ದ ಅವರ ಮುಖ್ಯ ಆಯುಧವೇ ಟೈಮ್ ಟ್ರಯಲ್. 1992ರಲ್ಲಿ ಲಕ್ಸೆಂಬರ್ಗಿನ 65 ಕಿಲೋಮೀಟರ್ ಓಟದಲ್ಲಿ ಎರಡನೆಯವರಿಗೂ ಅವರಿಗೂ ಮೂರು ನಿಮಿಷಗಳ ಅಂತರವಿತ್ತು.

ಎಂಟು ಸೆಕೆಂಡುಗಳ ಕಥೆ

ಫಾರ್ಮಿನ ಚರ್ಚೆ ಎಲ್ಲಿ ನಡೆದರೂ ಕೊನೆಗೆ 1989ನೇ ಇಸವಿಗೆ ಬಂದು ನಿಲ್ಲುತ್ತದೆ. ಆ ವರ್ಷದ ಟೂರಿನಲ್ಲಿ ಮೂವರ ಮೇಲೆ ಜನರ ಕಣ್ಣಿತ್ತು. ಒಬ್ಬರು ಹಿಂದಿನ ವರ್ಷದ ವಿಜೇತ, ಸ್ಪೇನಿನ ಪೆದ್ರೊ ಡೆಲ್ಗಾಡೊ. ಇನ್ನೊಬ್ಬರು 1983 ಮತ್ತು 1984ರಲ್ಲಿ ಟೂರ್ ಗೆದ್ದಿದ್ದ ಫ್ರಾನ್ಸಿನ ಲೋರಾಂ ಫಿನ್ಯೋಂ. ಮೂರನೆಯವರು 1986ರ ವಿಜೇತ, ಅಮೆರಿಕದ ಗ್ರೆಗ್ ಲೆಮಾಂಡ್. ಆದರೆ ಲೆಮಾಂಡ್ ಹೆಸರನ್ನು ಗೆಲ್ಲುವವರ ಪಟ್ಟಿಯಲ್ಲಿ ಬರೆದವರು ಬಹಳ ಕಡಿಮೆ. 1987ರ ಏಪ್ರಿಲಿನಲ್ಲಿ ಬೇಟೆಗೆ ಹೋದಾಗ ಸಂಬಂಧಿಕರ ಬಂದೂಕಿನ ಗುಂಡು ಆಕಸ್ಮಿಕವಾಗಿ ತಗುಲಿ ಅವರು ಸಾವಿನ ಬಾಗಿಲು ಮುಟ್ಟಿ ಬಂದಿದ್ದರು. ಹತ್ತಾರು ಸೀಸದ ಚೂರುಗಳು ಮೈಯಲ್ಲಿಯೇ ಉಳಿದಿದ್ದವು. ಎರಡು ವರ್ಷ ಟೂರಿಗೆ ಬರಲಾಗಿರಲಿಲ್ಲ.

ಮೊದಲ ಪಾಠ ಮೊದಲ ದಿನವೇ ಸಿಕ್ಕಿತು. ಲಕ್ಸೆಂಬರ್ಗಿನಲ್ಲಿ ಆರಂಭದ ಕಿರು ಟೈಮ್ ಟ್ರಯಲ್. ಡೆಲ್ಗಾಡೊ ಹೊರಡುವ ಸರದಿ ಬಂತು, ಅವರೇ ಇಲ್ಲ! ಅವರು ಓಡೋಡಿ ಬಂದಾಗ 2 ನಿಮಿಷ 40 ಸೆಕೆಂಡು ತಡವಾಗಿತ್ತು. ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಅಷ್ಟೂ ಸಮಯ ಅವರ ಲೆಕ್ಕಕ್ಕೇ ಸೇರಿತು. ಮೂರು ವಾರಗಳ ನಂತರ ಅವರು 3 ನಿಮಿಷ 34 ಸೆಕೆಂಡುಗಳಿಂದ ಮೂರನೆಯ ಸ್ಥಾನಕ್ಕೆ ನಿಂತರು. ಕಳೆದುಕೊಂಡ ಹೊತ್ತಿನ ಬಹುಪಾಲು ಒಂದು ಪೆಡಲನ್ನೂ ತುಳಿಯುವ ಮೊದಲೇ ಹೋಗಿತ್ತು. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಹುಡುಗನಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪಾಠ ಸೂಕ್ಷ್ಮವಾದದ್ದು. ಟೂರಿಗಿಂತ ಕೆಲವೇ ವಾರಗಳ ಮೊದಲು ಇಟಲಿಯ ಜೀರೊ ನಡೆದಿತ್ತು. ಅದನ್ನು ಗೆದ್ದವರು ಫಿನ್ಯೋಂ. ಲೆಮಾಂಡ್ ಏರುದಾರಿಗಳಲ್ಲಿ ಹಿಂದೆ ಬಿದ್ದು ಒಟ್ಟಾರೆ 39ನೆಯವರಾಗಿ ಮುಗಿಸಿದ್ದರು. ಸೈಕಲನ್ನೇ ಬಿಟ್ಟುಬಿಡುವ ಯೋಚನೆಯೂ ಅವರಿಗೆ ಬಂದಿತ್ತು. ಫಲಿತಾಂಶದ ಪಟ್ಟಿ ನೋಡಿದವರು ಅವರ ಕಥೆ ಮುಗಿಯಿತು ಎಂದರು. ಆದರೆ ಅದೇ ಜೀರೊದ ಕೊನೆಯ ದಿನದ ಟೈಮ್ ಟ್ರಯಲಿನಲ್ಲಿ ಲೆಮಾಂಡ್ ಎರಡನೆಯವರಾಗಿ ಬಂದಿದ್ದರು, ಅಂದಿನ ಒಂದೇ ಓಟದಲ್ಲಿ ಫಿನ್ಯೋಂ ಅವರಿಗಿಂತ ಒಂದು ನಿಮಿಷಕ್ಕೂ ಮುಂದಿದ್ದರು. ಹದ ತಿರುಗುತ್ತಿರುವುದರ ಸುಳಿವು ಅಲ್ಲಿತ್ತು. ಪಟ್ಟಿಯ ಮೇಲ್ತುದಿಯನ್ನಷ್ಟೇ ಓದುವವರಿಗೆ ಅದು ಕಾಣಲಿಲ್ಲ.

ಟೂರಿನಲ್ಲಿ ಹಳದಿ ಅಂಗಿ ಇಬ್ಬರ ನಡುವೆ ಮೈ ಬದಲಾಯಿಸುತ್ತ ಸಾಗಿತು. ಜುಲೈ 23ರಂದು ಕೊನೆಯ ಹಂತ. ವರ್ಸೇಲ್ಸಿನಿಂದ ಪ್ಯಾರಿಸಿಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಫಿನ್ಯೋಂ 50 ಸೆಕೆಂಡು ಮುಂದಿದ್ದರು. ಇಷ್ಟು ಸಣ್ಣ ದಾರಿಯಲ್ಲಿ ಅಷ್ಟು ಸಮಯ ಕಸಿಯುವುದು ಆಗದ ಮಾತು ಎಂಬುದೇ ಬಹುತೇಕರ ಅಭಿಪ್ರಾಯವಾಗಿತ್ತು. ಲೆಮಾಂಡ್ ಮುಂದಕ್ಕೆ ಚಾಚಿದ ಹ್ಯಾಂಡಲ್ ಮೇಲೆ ಮೊಳಕೈ ಊರಿ, ಉದ್ದ ಬಾಲದ ಹೆಲ್ಮೆಟ್ ಧರಿಸಿ, ಬೆನ್ನು ಬಾಗಿಸಿ ಹೊರಟರು. ದಾರಿಯಲ್ಲಿ ಯಾರೂ ತನಗೆ ಸಮಯ ಹೇಳಬಾರದು ಎಂದು ಮೊದಲೇ ತಿಳಿಸಿದ್ದರು. ಫಿನ್ಯೋಂ ಹಿಂದಿನ ರೂಢಿಯಂತೆ ಬರಿತಲೆಯಲ್ಲಿ, ಜುಟ್ಟು ಹಾರಿಸುತ್ತ ಬಂದರು. ಕುಳಿತುಕೊಳ್ಳುವ ಜಾಗದಲ್ಲಿ ಎದ್ದ ಹುಣ್ಣು ಅವರನ್ನು ಹಿಂಡುತ್ತಿತ್ತು.

ಲೆಮಾಂಡ್ 26 ನಿಮಿಷ 57 ಸೆಕೆಂಡು. ಫಿನ್ಯೋಂ 27 ನಿಮಿಷ 55 ಸೆಕೆಂಡು. ಅಂತರ 58. ಐವತ್ತನ್ನು ಕಳೆದರೆ ಉಳಿದದ್ದು ಎಂಟು. ಮೂರು ವಾರ ಓಡಿದ ನಂತರ, 87 ತಾಸಿಗೂ ಮಿಕ್ಕಿದ ಒಟ್ಟು ಸಮಯದಲ್ಲಿ ಎಂಟೇ ಸೆಕೆಂಡುಗಳ ಗೆಲುವು. ಟೂರಿನ ಇತಿಹಾಸದಲ್ಲಿ ಅದಕ್ಕಿಂತ ಕಿರಿದಾದ ಅಂತರ ಇನ್ನೂ ಬಂದಿಲ್ಲ.

ಗಾಳಿಯ ಲೆಕ್ಕ, ಸರಾಸರಿಯ ಲೆಕ್ಕ

ಇದು ಅದೃಷ್ಟವೋ ಫಾರ್ಮೋ ಎಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ. ಹೈಸ್ಕೂಲಿನ ವಿಜ್ಞಾನ ಓದಿದ ಹುಡುಗರು ಲೆಕ್ಕ ಹಾಕಿ ನೋಡಬಹುದು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ತಾಸಿಗೆ ಮೂವತ್ತು ಕಿಲೋಮೀಟರ್ ಹೋಗುವವನು ನಲವತ್ತಕ್ಕೆ ಏರಬೇಕಾದರೆ ವೇಗ ಹೆಚ್ಚಾದದ್ದು ಮೂರನೇ ಒಂದು ಪಾಲು ಮಾತ್ರ, ಆದರೆ ಗಾಳಿಗೆ ತೆರಬೇಕಾದ ಸಾಮರ್ಥ್ಯ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿಯೇ ಬೆನ್ನು ಬಾಗಿಸುವುದು, ಮೊಳಕೈ ಒಳಗೆ ಎಳೆದುಕೊಳ್ಳುವುದು ಇಷ್ಟು ಮುಖ್ಯ. ಅಂದಿನ ಲೆಮಾಂಡ್ ವೇಗ ತಾಸಿಗೆ 54.5 ಕಿಲೋಮೀಟರ್, ಫಿನ್ಯೋಂ ವೇಗ 52.7ರಷ್ಟು. ವ್ಯತ್ಯಾಸ ಎರಡು ಕಿಲೋಮೀಟರೂ ಇಲ್ಲ.

ಇನ್ನೊಂದು ಲೆಕ್ಕ ಎಲ್ಲರೂ ತಪ್ಪುವಂಥದ್ದು. ಇಪ್ಪತ್ತು ಕಿಲೋಮೀಟರ್ ಓಟ ಎನ್ನಿ. ಒಬ್ಬ ಹುಡುಗ ಹುರುಪಿನಿಂದ ಮೊದಲ ಹತ್ತನ್ನು ನಲವತ್ತರ ವೇಗದಲ್ಲಿ ಮುಗಿಸಿ, ದಣಿದು, ಉಳಿದ ಹತ್ತನ್ನು ಮೂವತ್ತರಲ್ಲಿ ಎಳೆಯುತ್ತಾನೆ. ಅವನ ಸರಾಸರಿ ಮೂವತ್ತೈದು ಎಂದು ಬಾಯಿಲೆಕ್ಕ ಹೇಳುತ್ತದೆ. ಅದು ತಪ್ಪು. ಮೊದಲರ್ಧಕ್ಕೆ 15 ನಿಮಿಷ, ಎರಡನೆಯದಕ್ಕೆ 20 ನಿಮಿಷ, ಒಟ್ಟು 35 ನಿಮಿಷ. ಪಕ್ಕದ ಮನೆಯ ಹುಡುಗಿ ಮೊದಲಿನಿಂದ ಕೊನೆಯವರೆಗೆ ಸಮನಾಗಿ ಮೂವತ್ತೈದರಲ್ಲಿ ಹೋದರೆ 34 ನಿಮಿಷ 17 ಸೆಕೆಂಡಿಗೆ ಮುಗಿಸುತ್ತಾಳೆ. ಹುರುಪಿನ ಹುಡುಗ 43 ಸೆಕೆಂಡು ಸೋತ. ಎಂಟು ಸೆಕೆಂಡಿಗೆ ಇಡೀ ಟೂರ್ ಕೈಬಿಟ್ಟ ಕಥೆಯ ಮುಂದೆ 43 ಸೆಕೆಂಡು ಸಣ್ಣದಲ್ಲ. ವೇಗವಾಗಿ ಹೋದಾಗ ಉಳಿಯುವ ಸಮಯಕ್ಕಿಂತ ನಿಧಾನವಾದಾಗ ಹೋಗುವ ಸಮಯ ಹೆಚ್ಚು. ನುರಿತ ಸವಾರರು ಏರಿನಲ್ಲಿ, ಎದುರುಗಾಳಿಯಲ್ಲಿ ತುಸು ಹೆಚ್ಚು ಬಲ ಹಾಕಿ, ಇಳಿಜಾರಿನಲ್ಲಿ ಉಸಿರು ತಿರುಗಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಜೂನ್ ತಿಂಗಳಲ್ಲಿ ಹೊಸ ನೋಟುಬುಕ್ಕಿಗೆ ಹೊದಿಕೆ ಹಾಕಿದ ಹುರುಪು ಜನವರಿಗೆ ಆರಿಹೋಗುವ ಮನೆಗಳಲ್ಲಿ ಈ ಲೆಕ್ಕವನ್ನು ಗೋಡೆಗೆ ಅಂಟಿಸಿಡಬಹುದು.

ಫಾರ್ಮ್ ಎಂದರೇನು?

ಕ್ರಿಕೆಟ್ಟಿನಿಂದಾಗಿ ಫಾರ್ಮ್ ಎಂಬ ಮಾತು ಎಲ್ಲರ ಬಾಯಲ್ಲಿದೆ. ಹಳ್ಳಿಯವರು ಹದ ಎನ್ನುವುದು ಅದಕ್ಕೇ. ಭೂಮಿಗೆ ಹದ ಬರುವುದು ಮಳೆ ಬಿದ್ದ ಕ್ಷಣದಲ್ಲಲ್ಲ, ಮಳೆ ನಿಂತು ನೀರು ಇಂಗಿದ ಮೇಲೆ. ದೇಹವೂ ಹಾಗೆಯೇ. ಕಠಿಣ ತಾಲೀಮು ದೇಹವನ್ನು ಅಂದಿಗೆ ದಣಿಸುತ್ತದೆ. ನಿದ್ದೆ, ಊಟ, ವಿಶ್ರಾಂತಿ ಸಿಕ್ಕ ನಂತರವೇ ಅದು ಮೊದಲಿಗಿಂತ ಗಟ್ಟಿಯಾಗುತ್ತದೆ. ಆದ್ದರಿಂದ ದೊಡ್ಡ ರೇಸು ಹತ್ತಿರ ಬಂದಂತೆ ತರಬೇತುದಾರರು ತಾಲೀಮನ್ನು ಹೆಚ್ಚಿಸುವುದಿಲ್ಲ, ಕಡಿಮೆ ಮಾಡುತ್ತಾರೆ. ಗಾಡಾ ಓಡಿಸುವ ರೈತನೂ ಇದನ್ನೇ ಮಾಡುತ್ತಾನೆ. ಸ್ಪರ್ಧೆಯ ಎತ್ತಿಗೆ ಹುರಳಿ, ಹತ್ತಿಕಾಳು ತಿನಿಸಿ ದಿನಾ ಓಡಿಸಿ ತಯಾರು ಮಾಡುತ್ತಾನೆ. ಜಾತ್ರೆಯ ಹಿಂದಿನ ದಿನ ಅದನ್ನು ನೇಗಿಲಿಗೆ ಹೂಡುವ ಹುಚ್ಚು ಕೆಲಸ ಮಾತ್ರ ಮಾಡುವುದಿಲ್ಲ. ಎತ್ತಿನ ವಿಷಯದಲ್ಲಿ ಇಷ್ಟು ತಿಳಿದ ಮನೆಗಳಲ್ಲಿಯೇ ಪರೀಕ್ಷೆಯ ಹಿಂದಿನ ರಾತ್ರಿ ಮಗನನ್ನು ಎರಡು ಗಂಟೆಯವರೆಗೆ ದೀಪದ ಮುಂದೆ ಕೂರಿಸುವುದುಂಟು.

ಹದ ವರ್ಷವಿಡೀ ಇರುವುದಿಲ್ಲ. ಅದು ಬರುತ್ತದೆ, ಹೋಗುತ್ತದೆ. ಒಂದು ದಿನದ ಸಮಯ ಆ ದಿನದ ಗಾಳಿ, ಬಿಸಿಲು, ನಿದ್ದೆ, ಹೊಟ್ಟೆಯ ಸ್ಥಿತಿ ಎಲ್ಲವನ್ನೂ ಸೇರಿಸಿಕೊಂಡ ಸಂಖ್ಯೆ. ಅದನ್ನು ಸುಳ್ಳೆನ್ನುವಂತಿಲ್ಲ, ಪೂರ್ಣ ಸತ್ಯವೂ ಅಲ್ಲ.

ಸ್ಲೊವೇನಿಯಾದ ಪ್ರಿಮೋಜ್ ರೊಗ್ಲಿಚ್ ಅವರ ಕಥೆ ಇದಕ್ಕೆ ಸಾಕ್ಷಿ. ಅವರು ಮೊದಲು ಹಿಮದ ಮೇಲೆ ಜಿಗಿಯುವ ಸ್ಕೀ ಆಟಗಾರರು. ಸೈಕಲ್ ರೇಸಿಗೆ ಬಂದದ್ದು ಇಪ್ಪತ್ತು ದಾಟಿದ ಮೇಲೆ. 2020ರ ಟೂರಿನಲ್ಲಿ ಕೊನೆಯ ಹಿಂದಿನ ದಿನದವರೆಗೂ ಅವರೇ ಮುಂದಾಳು, 57 ಸೆಕೆಂಡುಗಳ ಮುನ್ನಡೆ. ಸೆಪ್ಟೆಂಬರ್ 19ರಂದು ಗುಡ್ಡದ ಮೇಲೆ ಮುಗಿಯುವ 36.2 ಕಿಲೋಮೀಟರ್ ಟೈಮ್ ಟ್ರಯಲ್. ಅವರದೇ ದೇಶದ ತದೇಯ್ ಪೊಗಾಚಾರ್, ಇನ್ನೂ ಇಪ್ಪತ್ತೆರಡು ತುಂಬದ ಹುಡುಗ, ರೊಗ್ಲಿಚ್ ಅವರಿಗಿಂತ 1 ನಿಮಿಷ 56 ಸೆಕೆಂಡು ಬೇಗ ಏರಿಬಿಟ್ಟರು. ಹೆಲ್ಮೆಟ್ ವಾರೆಯಾಗಿ, ಮುಖ ಬಿಳಿಚಿಕೊಂಡು ಗುಡ್ಡದ ತುದಿಗೆ ಬಂದ ರೊಗ್ಲಿಚ್ ಅವರ ಚಿತ್ರವನ್ನು ಜಗತ್ತೇ ನೋಡಿತು. ಒತ್ತಡದ ದಿನ ಕುಸಿಯುವ ಮನುಷ್ಯ ಎಂಬ ಹಣೆಪಟ್ಟಿಯನ್ನು ಅಭಿಮಾನಿಗಳು ಅಂದೇ ಅಂಟಿಸಿದರು.

ಎರಡು ವಾರಗಳ ನಂತರ ಅವರು ಬೆಲ್ಜಿಯಮಿನ ಹಳೆಯ, ಕಠಿಣ ರೇಸಾದ ಲೀಜ್ ಗೆದ್ದರು. ಅದೇ ವರ್ಷ ಸ್ಪೇನಿನ ವುವೆಲ್ಟಾ ಗೆದ್ದರು. 2021ರ ಜುಲೈ 28ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ತಂದರು, ಅದೂ ಟೈಮ್ ಟ್ರಯಲಿನಲ್ಲಿ. 2023ರ ಜೀರೊದಲ್ಲಿ ವಿಧಿ ಅದೇ ಪರೀಕ್ಷೆಯನ್ನು ತಿರುವುಮುರುವಾಗಿ ಇಟ್ಟಿತು. ಕೊನೆಯ ಹಿಂದಿನ ದಿನ, ಮತ್ತೆ ಗುಡ್ಡದ ಟೈಮ್ ಟ್ರಯಲ್. ಈ ಸಲ ಬ್ರಿಟನ್ನಿನ ಗೆರೈಂಟ್ ಥಾಮಸ್ 26 ಸೆಕೆಂಡು ಮುಂದೆ, ರೊಗ್ಲಿಚ್ ಹಿಂದೆ. ಏರಿನ ನಡುವೆ ರೊಗ್ಲಿಚ್ ಅವರ ಸೈಕಲಿನ ಚೈನು ಕಳಚಿತು. ಅವರು ಇಳಿದು, ಚೈನು ಹಾಕಿ, ಮತ್ತೆ ತುಳಿದರು. ಆದರೂ ಥಾಮಸ್ ಅವರಿಗಿಂತ 40 ಸೆಕೆಂಡು ಬೇಗ ಮುಗಿಸಿ 14 ಸೆಕೆಂಡುಗಳಿಂದ ಜೀರೊ ಗೆದ್ದರು. 2020ರ ಸಂಜೆಯೇ ಅವರ ಬಗ್ಗೆ ತೀರ್ಪು ಬರೆದವರು ಹಾಳೆ ಹರಿಯಬೇಕಾಯಿತು.

ಚಂದರಗಿಯ ದಾರಿ

ಇವೆಲ್ಲ ದೂರದ ಮಾತು ಎನ್ನುವಂತಿಲ್ಲ. ಕರ್ನಾಟಕದ ಸೈಕ್ಲಿಂಗ್ ಎಂದರೆ ಬಹುಮಟ್ಟಿಗೆ ಉತ್ತರದ ಜಿಲ್ಲೆಗಳೇ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಜಿಲ್ಲೆಗಳ ರೈತರ, ಕೂಲಿಕಾರರ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ವಿಜಯಪುರದಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾನಿಲಯವಿದೆ. ದೊಡವಾಡದವರಿಗೆ ಇನ್ನೂ ಹತ್ತಿರದ್ದು ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾ ವಸತಿ ಶಾಲೆ. ಕುಸ್ತಿಯಂಥ ಆಟಗಳ ಜೊತೆಗೆ ಸೈಕಲ್ಲೂ ಅಲ್ಲಿನ ಹೆಸರುವಾಸಿ ವಿಭಾಗ. ಸಮತಟ್ಟಾದ ಉದ್ದನೆಯ ರಸ್ತೆ, ಎರೆನೆಲದ ಬಯಲಿನ ಬಿರುಗಾಳಿ, ಕಷ್ಟಕ್ಕೆ ಒಗ್ಗಿದ ಮೈ, ಈ ಮೂರೂ ಸೇರಿದಲ್ಲಿ ಟೈಮ್ ಟ್ರಯಲಿಗೆ ಬೇಕಾದ ಬುನಾದಿ ತಾನಾಗಿ ಸಿಗುತ್ತದೆ.

ಆದರೂ ಮಗನೋ ಮಗಳೋ “ಅಪ್ಪಾ, ನಾ ಸೈಕಲ್ ರೇಸಿಗೆ ಹೊಕ್ಕೇನಿ” ಎಂದಾಗ ಮನೆಯಲ್ಲಿ ಮೊದಲು ಏಳುವುದು ಹೆಮ್ಮೆಯಲ್ಲ, ಅಂಜಿಕೆ. ಓದು ಏನಾಗುತ್ತದೆ? ರಸ್ತೆಯಲ್ಲಿ ಏನಾದರೂ ಆದರೆ? ಕೊನೆಗೆ ಹೊಟ್ಟೆಪಾಡಿಗೇನು? ಈ ಮೂರೂ ಪ್ರಶ್ನೆ ನ್ಯಾಯವಾದವು. ಕ್ರೀಡಾಪ್ರೇಮಿಗಳು ಇವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ.

ರಸ್ತೆಯ ಮಾತು ಮೊದಲು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ನಡುವೆ ಒಂಟಿ ಹುಡುಗ ತಲೆ ತಗ್ಗಿಸಿ ತುಳಿಯುವುದು ಆಟವಲ್ಲ, ಅಪಾಯ. ತಾಲೀಮು ವಾಹನ ಕಡಿಮೆಯಿರುವ ಹೊತ್ತಿನಲ್ಲಿ, ಬೆಳಕು ಬಿಟ್ಟ ಮೇಲೆ, ಹಿರಿಯರ ಕಣ್ಣಳತೆಯಲ್ಲಿ ನಡೆಯಬೇಕು. ತಲೆಗೆ ಹೆಲ್ಮೆಟ್ ಇಲ್ಲದೆ ಪೆಡಲ್ ಮೇಲೆ ಕಾಲಿಡಬಾರದು. 1989ರಲ್ಲಿ ಬರಿತಲೆಯ ಸವಾರಿ ನಡೆಯುತ್ತಿತ್ತು. 2003ರ ಮಾರ್ಚಿನಲ್ಲಿ ಫ್ರಾನ್ಸಿನ ಒಂದು ರೇಸಿನಲ್ಲಿ ಕಜಾಕಿಸ್ತಾನದ ಆಂದ್ರೆ ಕಿವಿಲೆವ್ ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ಅಂತಾರಾಷ್ಟ್ರೀಯ ಒಕ್ಕೂಟವೇ ಹೆಲ್ಮೆಟ್ ಕಡ್ಡಾಯ ಮಾಡಿತು.

ಓದಿನ ಮಾತಿಗೆ ಎರಡು ಉದಾಹರಣೆ ಸಾಕು. ಬೆಂಗಳೂರಿನ ನವೀನ್ ಜಾನ್ ಇಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದಾಗ ಸೈಕಲ್ ಹಿಡಿದವರು. ಮುಂದೆ ಭಾರತದ ಟೈಮ್ ಟ್ರಯಲ್ ಚಾಂಪಿಯನ್ ಪಟ್ಟವನ್ನು ಒಂದಕ್ಕಿಂತ ಹೆಚ್ಚು ಬಾರಿ ಗೆದ್ದರು. ಆಸ್ಟ್ರಿಯಾದ ಅನ್ನಾ ಕೀಸನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದು ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವರು. ತಮ್ಮ ದೇಶದ ಟೈಮ್ ಟ್ರಯಲ್ ಚಾಂಪಿಯನ್ ಕೂಡ. ಯಾವ ವೃತ್ತಿಪರ ತಂಡವೂ ಬೆನ್ನಿಗಿಲ್ಲದೆ ಅವರು 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸಿನ 137 ಕಿಲೋಮೀಟರ್ ರಸ್ತೆ ರೇಸನ್ನು ಗೆದ್ದರು. ಫಾರ್ಮಿನ ಪಂಡಿತರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಎರಡನೆಯವರಾಗಿ ಬಂದ ನೆದರ್ಲೆಂಡಿನ ಆನೆಮಿಕ್ ಫಾನ್ ಫ್ಲೂಟನ್ ಅವರಿಗೆ ಮುಂದೆ ಇನ್ನೊಬ್ಬರು ಹೋಗಿರುವುದೇ ಗೊತ್ತಿರಲಿಲ್ಲ. ತಾನೇ ಗೆದ್ದೆನೆಂದು ಕೈ ಎತ್ತಿದರು. ನಾಚಿಕೆಯ ಆ ಗಳಿಗೆಯ ಮೂರನೆಯ ದಿನವೇ ಅವರು ಟೈಮ್ ಟ್ರಯಲಿನಲ್ಲಿ ಚಿನ್ನ ಗೆದ್ದರು.

ಹೊಟ್ಟೆಪಾಡಿನ ಮಾತು ನೇರವಾಗಿ ಹೇಳಬೇಕಾದದ್ದು. ಸೈಕಲ್ಲು ಕ್ರಿಕೆಟ್ಟಿನಂತೆ ಹಣ ಸುರಿಸುವುದಿಲ್ಲ. ಒಳ್ಳೆಯ ರೇಸಿಂಗ್ ಸೈಕಲಿನ ಬೆಲೆ ಲಕ್ಷಗಳಲ್ಲಿದೆ. ಪದಕ ತಂದವರಿಗೆ ರೈಲ್ವೆ, ಸೇನಾಪಡೆಗಳಂಥ ಕಡೆ ಕ್ರೀಡಾ ಮೀಸಲಿನಲ್ಲಿ ನೌಕರಿ ಸಿಕ್ಕದ್ದುಂಟು, ಆದರೆ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಪುಸ್ತಕ ಮುಚ್ಚಿ ಸೈಕಲ್ ಹತ್ತುವುದು ಜಾಣತನವಲ್ಲ. ಸೈಕಲ್ ಕಸಿದು ಪುಸ್ತಕ ಹೇರುವುದೂ ಅಲ್ಲ.

ತೀರ್ಪು ಬರೆಯುವ ಅವಸರ

ತಂದೆ ತಾಯಂದಿರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿ ಇದೆ. ಹನ್ನೆರಡು ಹದಿಮೂರರ ವಯಸ್ಸಿನ ಮಕ್ಕಳ ಆಯ್ಕೆ ಓಟದಲ್ಲಿ ಮುಂದೆ ಬರುವವರು ಹೆಚ್ಚಾಗಿ ಬೇಗ ಬೆಳೆದವರು. ಅದೇ ವಯಸ್ಸಿನ ಇನ್ನೊಬ್ಬನ ಮೈ ಎರಡು ವರ್ಷ ತಡವಾಗಿ ತುಂಬಬಹುದು. ಅಂದಿನ ಪಟ್ಟಿಯಲ್ಲಿ ಹಿಂದೆ ಬಿದ್ದವನಿಗೆ “ನಿನ್ನ ಕೈಲೆ ಆಗೂದಿಲ್ಲ ಬಿಡು” ಎಂದುಬಿಟ್ಟರೆ ಬಿತ್ತಿದ ವಾರಕ್ಕೇ ಜೋಳ ತೆನೆ ಬಿಡಲಿಲ್ಲವೆಂದು ಹೊಲ ಹರಗಿದಂತೆ.

ಅವಸರದ ಇನ್ನೊಂದು ಮುಖ ಹೆಚ್ಚು ಕೆಟ್ಟದ್ದು. ಹದ ತಾನಾಗಿ ಬರುವವರೆಗೆ ಕಾಯಲಾರದವರು ಅದನ್ನು ಸೂಜಿಯಿಂದ ತರಿಸಲು ಹೋಗುತ್ತಾರೆ. 1999ರಿಂದ 2005ರವರೆಗೆ ಏಳು ಬಾರಿ ಟೂರ್ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಫಾರ್ಮನ್ನು ಜಗತ್ತೇ ಕೊಂಡಾಡಿತ್ತು. ಉದ್ದೀಪನ ಮದ್ದಿನ ಬಳಕೆ ಬಯಲಾಗಿ 2012ರಲ್ಲಿ ಏಳೂ ಪಟ್ಟಗಳನ್ನು ಕಸಿದುಕೊಂಡರು. ಆ ಏಳು ವರ್ಷಗಳ ವಿಜೇತರ ಸಾಲು ಈಗ ಖಾಲಿಯಾಗಿದೆ. ಕಾಪಿ ಹೊಡೆದು ತಂದ ಅಂಕಪಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕ್ರೀಡಾ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಮನೆಯವರು ಅಲ್ಲಿ ಕೊಡುವ ಪುಡಿ, ಮಾತ್ರೆಗಳೇನು ಎಂದು ಸಂಕೋಚವಿಲ್ಲದೆ ಕೇಳಬೇಕು.

ಫಿನ್ಯೋಂ 2010ರ ಆಗಸ್ಟ್ 31ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಎರಡು ಟೂರ್, ಒಂದು ಜೀರೊ ಗೆದ್ದ ಆ ದೊಡ್ಡ ಸವಾರರನ್ನು ಜನ ಕೊನೆಯವರೆಗೂ ಎಂಟು ಸೆಕೆಂಡಿಗೆ ಸೋತವರೆಂದೇ ಗುರುತಿಸಿದರು. ಇದು ಅಭಿಮಾನಿಗಳು ಮಾಡಿದ ಅನ್ಯಾಯ. ಮನೆಗಳಲ್ಲಿಯೂ ಇದೇ ಅನ್ಯಾಯ ನಡೆಯುತ್ತದೆ. ಹತ್ತು ವರ್ಷ ಚೆನ್ನಾಗಿ ಓದಿದ ಮಗಳು ಒಂದು ಪರೀಕ್ಷೆಯಲ್ಲಿ ಎಂಟು ಅಂಕ ಕಡಿಮೆ ತೆಗೆದರೆ ನೆಂಟರೆದುರು ಬರುವುದು ಆ ಎಂಟರ ಮಾತೇ.

ಟೈಮ್ ಟ್ರಯಲಿಗೆ ಲಕ್ಷದ ಸೈಕಲ್ ಬೇಕೇ ಬೇಕೆಂದಿಲ್ಲ. 2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದಂಥ ಗಟ್ಟಿ ಕಬ್ಬಿಣದ ಸೈಕಲ್ಲೂ ಆಗುತ್ತದೆ. ವಾಹನ ಕಡಿಮೆಯಿರುವ ಊರ ಹೊರಗಿನ ದಾರಿಯಲ್ಲಿ ಎರಡು ಗುರುತಿನ ಕಲ್ಲು, ಒಂದು ಕೈಗಡಿಯಾರ, ಒಂದು ನೋಟುಬುಕ್ಕು ಸಾಕು. ವಾರಕ್ಕೊಮ್ಮೆ ಓಡಿ, ತೆಗೆದುಕೊಂಡ ಸಮಯದ ಪಕ್ಕದಲ್ಲಿ ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹಿಂದಿನ ರಾತ್ರಿ ನಿದ್ದೆ ಎಷ್ಟಾಗಿತ್ತು ಎಂದು ಬರೆಯಬೇಕು. ಎರಡು ತಿಂಗಳಾದ ಮೇಲೆ ಆ ಹಾಳೆ ನೋಡಿದವರಿಗೆ ಫಾರ್ಮ್ ಎಂದರೇನು ಎಂದು ಬೇರೆಯವರು ಹೇಳಬೇಕಾಗುವುದಿಲ್ಲ. ಅಲ್ಲಿ ಎದುರಾಳಿ ಪಕ್ಕದ ಮನೆಯ ಹುಡುಗನಲ್ಲ, ಹೋದ ವಾರದ ತಾನೇ.

ಖಾಲಿ ಗಾಡಾ ಸ್ಪರ್ಧೆಯಲ್ಲಿ ಸೋತ ರೈತ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ. ಮೈ ತಿಕ್ಕಿ, ನೀರು ಕುಡಿಸಿ, ಮೇವು ಹಾಕಿ, “ಇರಲಿ ಬಿಡು, ಬರೂ ಜಾತ್ರಿಗೆ ನೋಡೂಣು” ಎಂದು ಅದರ ಬೆನ್ನು ಸವರುತ್ತಾನೆ. ಮನೆಯಲ್ಲಿ ಅಂಕಪಟ್ಟಿ ಹಿಡಿದು ಬಾಗಿಲ ಬಳಿ ನಿಂತ ಮಗುವಿಗೂ ಅಷ್ಟು ಮಾತು ಸಿಕ್ಕರೆ ಸಾಕು.